ಬೆಸುಗೆಯ ಪಕ್ಕದ ಎರಡು ಬೆರಳಗಲ

ಬೆಸುಗೆಯ ವಿಷಯವಾಗಿ ಮಾತನಾಡಬಲ್ಲ ವಿದ್ವಾಂಸರು ಲೋಹಶಾಸ್ತ್ರದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಸುಗೆಯ ಪಕ್ಕದ ವಿಷಯವಾಗಿ ಮಾತನಾಡುವವರು ಕಡಿಮೆ. ಎರಡು ತಗಡುಗಳು ಒಂದಾದ ಗೆರೆಯ ಆಚೆಗೂ ಈಚೆಗೂ, ಕರಗದೆ, ಆದರೆ ಕಾವನ್ನು ಉಂಡು, ಮೊದಲಿನ ತಗಡಾಗಿಯೂ ಉಳಿಯದೆ ಬೆಸುಗೆಯೂ ಆಗದೆ ನಡುವೆ ಸಿಕ್ಕಿಕೊಳ್ಳುವ ಎರಡು ಬೆರಳಗಲ ಜಾಗವೊಂದಿದೆ. ಆ ಜಾಗವನ್ನೇ ತಮ್ಮ ಇಡೀ ಬಾಳಿನ ಹೊಲವೆಂದು ತಿಳಿದು ಉತ್ತು, ಬಿತ್ತಿ, ಕಳೆ ಕಿತ್ತವರು ನಾವು ಕಂಡಂತೆ ಒಬ್ಬರೇ. ಅವರೇ ನಮ್ಮ ಪ್ರಯೋಗಾಲಯದ ಉಪ್ಪಿನ ಮೇಷ್ಟ್ರು.

ಈ ಬಿರುದು ಯಾವ ಸಭೆಯೂ ಕೊಟ್ಟದ್ದಲ್ಲ. ಅವರ ಮೇಜಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಬೀರುವಿನ ತಲೆಯ ಮೇಲೆ, ಕೊನೆಗೆ ಅತಿಥಿಗಳು ಕೂರಬೇಕಾದ ಕುರ್ಚಿಯ ಮೇಲೂ ಉಪ್ಪುನೀರಿನ ಗಾಜಿನ ಭರಣಿಗಳು. ಒಂದೊಂದರಲ್ಲೂ ಅಲ್ಯೂಮಿನಿಯಂ ಮಿಶ್ರಲೋಹದ ಬೆಸೆದ ತುಂಡು. ನಮ್ಮ ಉಗ್ರಾಣದವರು, ಕ್ಯಾಂಟೀನಿಗಿಂತ ಈ ಒಂದು ಕೋಣೆಗೇ ಹೆಚ್ಚು ಉಪ್ಪು ಹೋಗುತ್ತದಲ್ಲ, ಅಲ್ಲಿ ಊರಿಗೆಲ್ಲ ಉಪ್ಪಿನಕಾಯಿ ಹಾಕುತ್ತಿದ್ದಾರೆಯೇ ಎಂದು ಕೇಳಿದ್ದುಂಟು. ಆ ಪ್ರಶ್ನೆ ಕಿವಿಯಿಂದ ಕಿವಿಗೆ ಓಡಿ ಹೆಸರಾಯಿತು. ಮೇಷ್ಟ್ರು ನಕ್ಕು, ಆ ಹೆಸರನ್ನೇ ಬಾಗಿಲಿಗೆ ಬರೆಸಲು ಹೊರಟಿದ್ದರು. ಆಡಳಿತದವರು ಕೈಮುಗಿದು ತಡೆದರು.

ಅಲ್ಯೂಮಿನಿಯಮ್ಮಿಗೆ ತುಕ್ಕಿಲ್ಲ ಎಂದು ಅಡುಗೆಮನೆಯಿಂದ ಆಕಾಶದವರೆಗೆ ಎಲ್ಲರೂ ನಂಬಿದ್ದಾರೆ. ನಂಬಿಕೆ ಪೂರಾ ಸುಳ್ಳೂ ಅಲ್ಲ. ಗಾಳಿ ಸೋಕಿದ ಕೂಡಲೇ ಆ ಲೋಹದ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಹುಟ್ಟುತ್ತದೆ. ಗೀಚಿದರೆ, ಗೀಚಿದಲ್ಲೇ ಮತ್ತೆ ಹುಟ್ಟುತ್ತದೆ. ನಮ್ಮ ಚರ್ಮ ಮಾಯುವುದಕ್ಕೆ ವಾರ ಬೇಕು, ಇದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಬೇಡ ಎಂದು ಮೇಷ್ಟ್ರು ಪಾಠ ಹೇಳುವಾಗ, ಅದೇ ಮಾತನ್ನು ಸಾವಿರ ಸಲ ಹೇಳಿದ ಬಾಯಿ ಅದು ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಈಗ ತಾನೇ ಯಾರೋ ಬಂದು ಕಿವಿಯಲ್ಲಿ ಹೇಳಿಹೋದ ಸುದ್ದಿಯನ್ನು ಹಂಚಿಕೊಳ್ಳುವವರಂತೆ ಅವರ ದನಿ ಇಳಿಯುತ್ತಿತ್ತು. ಬೆರಗು ಎಂಬುದು ಅವರಲ್ಲಿ ಕೊನೆಯವರೆಗೂ ಹಳಸಲಿಲ್ಲ.

ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಅವರು ಮೊದಲು ಪುಸ್ತಕ ಕೊಡುತ್ತಿರಲಿಲ್ಲ. ಬೆಸೆದ ತುಂಡೊಂದನ್ನು ಕತ್ತರಿಸಿ, ಕನ್ನಡಿಯಾಗುವವರೆಗೆ ಉಜ್ಜಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಂಡದ್ದನ್ನು ಪೆನ್ಸಿಲಿನಲ್ಲಿ ಬಿಡಿಸು, ಬಿಡಿಸಿ ಮುಗಿಯುವವರೆಗೆ ತುಟಿ ಬಿಚ್ಚಬೇಡ ಎನ್ನುತ್ತಿದ್ದರು. ಲೋಹವೆಂದರೆ ಒಂದೇ ಗಟ್ಟಿ ಎಂದು ತಿಳಿದು ಬಂದ ನಮಗೆ, ದಾಳಿಂಬೆಯ ಕಾಳುಗಳ ಹಾಗೆ ಒತ್ತೊತ್ತಾಗಿ ಕೂತ ಹರಳುಗಳು ಕಾಣುತ್ತಿದ್ದವು. ಬೆಸುಗೆಯ ನಡುವೆ, ಕರಗಿ ಹೆಪ್ಪುಗಟ್ಟಿದ ಕಡೆ, ಹರಳುಗಳು ಕವಲೊಡೆದ ರೆಂಬೆಗಳಂತೆ; ದೂರದಲ್ಲಿ, ಬೆಂಕಿ ಕಾಣದ ತಗಡಿನಲ್ಲಿ, ತಗಡು ಮಾಡುವ ಉರುಳೆಗಳ ನಡುವೆ ಒತ್ತಿಸಿಕೊಂಡು ಉದ್ದವಾದ ಮೂಲರೂಪದಲ್ಲಿ; ನಡುವಿನ ಆ ಎರಡು ಬೆರಳಗಲದಲ್ಲಿ ಮಾತ್ರ ಯಾವುದೂ ಯಾವುದರಂತೆಯೂ ಇರುತ್ತಿರಲಿಲ್ಲ. ಕಾವಿಗೆ ಹರಳುಗಳು ಊದಿಕೊಂಡಿರುತ್ತಿದ್ದವು, ತಗಡಿಗೆ ಕಸುವು ಕೊಟ್ಟಿದ್ದ ಒಳಗಿನ ಬಿಗುವು ಸಡಿಲವಾಗಿರುತ್ತಿತ್ತು. ಮುರಿಯುವುದೂ ಅಲ್ಲೇ, ಉಪ್ಪುನೀರು ಮೊದಲು ಬಾಯಿ ಹಾಕುವುದೂ ಅಲ್ಲೇ. ಎಲ್ಲರೂ ಮದುಮಕ್ಕಳನ್ನು ನೋಡುತ್ತಾರೆ, ಮನೆ ನಡೆಯುವುದು ಅಕ್ಕಪಕ್ಕದವರಿಂದ ಎಂದು ಮೇಷ್ಟ್ರು ಹೇಳಿದರೆ ಇಡೀ ತರಗತಿ ನಗುತ್ತಿತ್ತು, ಮತ್ತೆ ಯಾರೂ ಮರೆಯುತ್ತಿರಲಿಲ್ಲ.

ಅವರು ಈ ಪ್ರಯೋಗಾಲಯಕ್ಕೆ ಸೇರಿದ್ದು ಕಿರಿಯ ಸಂಶೋಧಕರಾಗಿ, ಅಕ್ಕನ ಮನೆಯ ಹಜಾರದಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು ಬದುಕುತ್ತಿದ್ದ ಕಾಲದಲ್ಲಿ. ಅಕ್ಕನ ಗಂಡ, ಎಂದರೆ ಅವರ ಭಾವ, ಕೊಲ್ಲಿಯ ಆಚೆ ದಡದ ದೋಣಿ ಕಟ್ಟುವ ಯಾರ್ಡಿನಲ್ಲಿ ವೆಲ್ಡರ್. ಆ ವರ್ಷ ಯಾರ್ಡಿನವರ ಕೋರಿಕೆಯ ಮೇಲೆ ಪ್ರಯೋಗಾಲಯ ಬೆಸುಗೆಗಾರರಿಗೆಂದು ಸಂಜೆಯ ಪಾಠ ಆರಂಭಿಸಿತು. ಹಿರಿಯರೆಲ್ಲ ಒಂದೊಂದು ನೆಪ ಹೇಳಿದ್ದರಿಂದ ಹೊಣೆ ಕಿರಿಯರ ತಲೆಗೆ ಬಂತು. ಮೊದಲ ದಿನ ಬಾಗಿಲು ತೆರೆದು ನೋಡಿದರೆ ಮುಂದಿನ ಬೆಂಚಿನಲ್ಲೇ ಭಾವ, ಮುಖ ತೊಳೆದು, ಅಂಗಿಯ ತೋಳಿನ ಕಿಡಿತೂತುಗಳನ್ನು ಮಡಿಸಿ ಮುಚ್ಚಿಕೊಂಡು ಕೂತಿದ್ದಾರೆ. ಅಕ್ಕನ ಗಂಡನಿಗೆ ಪಾಠ ಹೇಳುವುದು ಹೇಗೆಂದು ಮೇಷ್ಟ್ರು ಇಕ್ಕಟ್ಟಿಗೆ ಸಿಕ್ಕಿದರು. ಇಕ್ಕಟ್ಟನ್ನು ಬಿಡಿಸಿದವರು ಭಾವನೇ. ಪ್ರಯೋಗಾಲಯದ ಹೊಸ್ತಿಲೊಳಗೆ ಅವರು ಭಾಮೈದನನ್ನು "ಮೇಷ್ಟ್ರೇ" ಎಂದರು, "ನೀವು" ಎಂದರು. ಮನೆಗೆ ಹೋದಮೇಲೆ "ಏನೋ, ಉಂಡ್ಯಾ" ಎಂದು ಎಂದಿನಂತೆ ಕೇಳಿದರು. ಈ ಗಡಿಯನ್ನು ಅವರು ಅಂದಿನಿಂದ ಒಮ್ಮೆಯೂ ದಾಟಲಿಲ್ಲ. ಯಾರ್ಡನ್ನೂ ಪ್ರಯೋಗಾಲಯದ ಲೆಕ್ಕಕ್ಕೇ ಸೇರಿಸಿದರು.

ಆ ಸಂಜೆಗಳಲ್ಲಿ ಹೇಳಿದ್ದು ಉಕ್ಕಿನ ಪಾಠ. ದಪ್ಪ ಉಕ್ಕನ್ನು ಬೆಸೆದ ಮೇಲೆ ಥಟ್ಟನೆ ತಣಿಯಲು ಬಿಟ್ಟರೆ ಪಕ್ಕದ ಜಾಗ ಗಾಜಿನಂತೆ ಪೆಡಸಾಗಿ ಸೀಳುತ್ತದೆ. ಅದನ್ನು ಮುಚ್ಚಿ, ಕಾವು ಕೊಟ್ಟು, ಮೆಲ್ಲಗೆ ತಣಿಸಬೇಕು. ಇದನ್ನು ನಾಲ್ಕು ರೀತಿ ವಿವರಿಸಿದರೂ ದಣಿದು ಬಂದವರ ಕಣ್ಣು ಎಳೆಯುತ್ತಿದ್ದವು. ಆಗ ಮೇಷ್ಟ್ರಿಗೆ ಅಂದು ಬೆಳಿಗ್ಗೆ ಮನೆಯಲ್ಲಿ ಕಂಡದ್ದು ನೆನಪಾಯಿತು. ಅಕ್ಕನಿಗೆ ಚೊಚ್ಚಲ ಹೆಣ್ಣುಮಗು ಹುಟ್ಟಿ ಇನ್ನೂ ಎಳೆಯ ದಿನಗಳು. ಸ್ನಾನ ಮಾಡಿಸಿ ಕೊಟ್ಟ ಕೂಸನ್ನು ಭಾವ ತಮ್ಮ ಒರಟು ಕೈಗಳಲ್ಲಿ ಇಸಿದುಕೊಂಡು, ಒಂದು ಬೆರಳೂ ಹೊರಗಿರದ ಹಾಗೆ ಕಂಬಳಿಯಲ್ಲಿ ಸುತ್ತುತ್ತಿದ್ದರು. ಮೇಷ್ಟ್ರು ಪಾಠ ನಿಲ್ಲಿಸಿ ಅಂದರು: "ಮಗುಗೆ ಸ್ನಾನ ಮಾಡಿಸಿ ಹೊದಿಸ್ತೀವಲ್ಲ, ಬೆಸುಗೆಗೂ ಹಾಗೇ ಹೊದಿಸಿ." ಕಣ್ಣೆಳೆಯುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಮುಂದಿನ ಬೆಂಚಿನಲ್ಲಿದ್ದ ಭಾವ ಮಾತ್ರ ತಲೆ ತಗ್ಗಿಸಿ ತಮ್ಮ ಅಂಗೈ ನೋಡಿಕೊಂಡರು. ತಮ್ಮ ಕೈಕೆಲಸ ಪಾಠವಾದ ಹೆಮ್ಮೆ ಅದು. ಆ ಒಂದು ಮಾತು ಯಾರ್ಡಿನಲ್ಲಿ ಮಂತ್ರವಾಯಿತು.

ಮುಂದಿನ ವರ್ಷಗಳಲ್ಲಿ ಮೇಷ್ಟ್ರು ಉಕ್ಕನ್ನು ಬಿಟ್ಟು ಅಲ್ಯೂಮಿನಿಯಮ್ಮಿಗೆ ಬಂದರು, ಭರಣಿಗಳು ಬಂದವು, ಹೆಸರು ಬಂತು. ಅವರ ಕೈಕೆಳಗೆ ಕಲಿತವರು ಇವತ್ತಿಗೂ ನೆನೆಯುವ ಉಪಕಾರಗಳು ಸಣ್ಣವು, ಆದರೆ ಎದೆಯಲ್ಲಿ ಕೂತವು. ಕಾಲು ನೋವಿದ್ದ ಸಹಾಯಕಿ ಮೆಟ್ಟಿಲು ಹತ್ತಿ ಬರುವುದನ್ನು ಕಂಡು, ಹೊಳಪಿನ ಯಂತ್ರವನ್ನೇ ನೆಲಮಹಡಿಗೆ ಇಳಿಸಿ, ತಮಗೆ ಮೇಲೆ ಸೆಕೆ ಎಂದು ಸುಳ್ಳು ಕಾರಣ ಹೇಳಿದರು. ವಿದ್ಯಾರ್ಥಿಯೊಬ್ಬ ವಾರಗಟ್ಟಲೆ ಉಜ್ಜಿದ ತುಂಡಿನ ಮೇಲೆ ಕೊನೆಯ ಗಳಿಗೆಯಲ್ಲಿ ಗೀರು ಬಿದ್ದು ಅಳುಮುಖ ಮಾಡಿದಾಗ, ಬೈಯದೆ, ಸಮಾಧಾನವನ್ನೂ ಹೇಳದೆ, ತೋಳು ಮಡಿಸಿ ಇನ್ನೊಂದು ತುಂಡನ್ನು ತಾವೇ ಉಜ್ಜಲು ಕೂತರು. ಆದರೆ ಸಿಟ್ಟೇ ಇಲ್ಲದವರೆಂದು ಯಾರೂ ತಿಳಿಯಬಾರದು. ಬೆಸುಗೆಯ ಮೇಲಿನ ಅಲೆಗಳು ಎಷ್ಟು ಚೆಂದ ಎಂದು ಯಾರಾದರೂ ಹೊಗಳಿದರೆ ಅವರ ಹುಬ್ಬು ಗಂಟಾಗುತ್ತಿತ್ತು. ಸೀರೆಯ ಅಂಚು ನೋಡಿ ಹೆಣ್ಣು ಒಪ್ಪಿದ ಹಾಗಾಯಿತು ಎನ್ನುತ್ತಿದ್ದರು.

ಇನ್ನು, ಯಾವುದನ್ನು ಬರೆಯದೆ ಹೋದರೆ ಈ ಲೇಖನ ಬರೆದೂ ವ್ಯರ್ಥವೋ ಆ ಸಂಗತಿಗೆ ಬರಬೇಕು. ಇದರಲ್ಲಿ ಅರ್ಧ ಮೇಷ್ಟ್ರೇ ಹೇಳಿದ್ದು. ಉಳಿದರ್ಧ, ಅವರು ನುಂಗಿಕೊಂಡದ್ದು, ಅವರ ಅಕ್ಕನಿಂದ ನಮಗೆ ದಕ್ಕಿದ್ದು.

ಕೊಲ್ಲಿ ದಾಟಿಸುತ್ತಿದ್ದ ಹಳೆಯ ಉಕ್ಕಿನ ಲಾಂಚು ತುಕ್ಕು ತಿಂದು ಮುದಿಯಾಗಿತ್ತು. ಅದರ ಬದಲಿಗೆ ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ತಗಡಿನ ಹೊಸ ಲಾಂಚು ಕಟ್ಟುವುದೆಂದು ತೀರ್ಮಾನವಾಯಿತು. ಯಾರ್ಡಿಗೆ ಇಂಥದ್ದು ಮೊದಲನೆಯದು. ಅಷ್ಟು ಹೊತ್ತಿಗೆ ಭಾವ ಫೋರ್ಮನ್ ಆಗಿದ್ದರು. ಕೆಲಸ ಅವರ ಕೈಗೆ ಬಂತು. ತಳ ನೀರಿಗಿಳಿಯುವ ಮೊದಲು ಲೋಹ ತಜ್ಞರೊಬ್ಬರು ನೋಡಿ ಸಹಿ ಹಾಕಬೇಕೆಂದು ಬಂದರಿನ ಅಧಿಕಾರಿಗಳ ಕಟ್ಟಳೆ. ಅಲ್ಯೂಮಿನಿಯಂ ಬಲ್ಲವರು ಸುತ್ತಮುತ್ತ ಮೇಷ್ಟ್ರೊಬ್ಬರೇ ಆದ್ದರಿಂದ, ಸಂಬಂಧ ಗೊತ್ತಿದ್ದೂ ಅವರನ್ನೇ ಕರೆದರು. ಭಾವನ ಬೆಸುಗೆಗೆ ಭಾಮೈದನ ಸಹಿ, ಇನ್ನೇನು ಬೇಕು ಎಂದು ಚಹಾದ ಅಂಗಡಿಯಲ್ಲಿ ನಗೆಯಾಡಿದವರೂ ಇದ್ದರು.

ಚಳಿಗಾಲದ ಒಂದು ಬೆಳಿಗ್ಗೆ ಮೇಷ್ಟ್ರು ಯಾರ್ಡಿಗೆ ಹೋದರು. ಎಕ್ಸ್-ರೇ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು: ಒಂದು ಗುಳ್ಳೆ ಇಲ್ಲ, ಒಂದು ಬಿರುಕಿಲ್ಲ. ಇಂಥ ಬೆಸುಗೆಯನ್ನು ತಾವು ಪ್ರಯೋಗಾಲಯದಲ್ಲೂ ಕಂಡಿರಲಿಲ್ಲವೆಂದು ಅವರು ಯಾರ್ಡಿನ ಯಜಮಾನರ ಎದುರಿಗೇ ಹೇಳಿದರು. ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದರು. ಮೇಷ್ಟ್ರು ಪೆನ್ನು ತೆಗೆದುಕೊಳ್ಳುವ ಮೊದಲು, ಅವರ ಎಂದಿನ ಚಾಳಿಯಂತೆ, ತಳದ ತಗಡುಗಳು ಬೆಸೆದು ಕೂಡಿದ ಕೀಲಿನ ಪಕ್ಕಕ್ಕೆ ಅಂಗೈ ಇಟ್ಟರು. ಅಂಥ ಚಳಿಯಲ್ಲಿ ಮಂಜಿನಷ್ಟು ತಣ್ಣಗಿರಬೇಕಾದ ಲೋಹ ಕೈ ಇಡಲಾಗದಷ್ಟು ಬಿಸಿಯಾಗಿತ್ತು.

ಇದನ್ನು ಬೆಸೆದದ್ದು ಯಾವಾಗ ಎಂದು ಕೇಳಿದರು. ಹಿಂದಿನ ವಾರ ಎಂದರು ಭಾವ. ಹೇಳಿ, ದೋಣಿಯ ಇನ್ನೊಂದು ಮಗ್ಗುಲಿಗೆ ಕರೆದೊಯ್ದು, ಅಲ್ಲಿನ ಕೀಲಿನ ಮೇಲೆ ಹೊದಿಸಿದ್ದ ಗಾಜಿನೆಳೆಯ ದಪ್ಪ ಕಂಬಳಿಯನ್ನು ಎರಡೂ ಕೈಯಿಂದ ಎತ್ತಿ ತೋರಿಸಿದರು. ಕೆಳಗೆ, ದಪ್ಪ ಉಕ್ಕಿನ ಕೆಲಸಕ್ಕೆಂದು ಇಟ್ಟುಕೊಂಡಿದ್ದ ವಿದ್ಯುತ್ ಕಾವಿನ ಪಟ್ಟಿಗಳು ಉದ್ದಕ್ಕೂ ಮಲಗಿದ್ದವು. ಒಂದೊಂದು ಕೀಲನ್ನೂ ದಿನಗಟ್ಟಲೆ ಹಗಲಿರುಳು ಹಾಗೇ ಇಟ್ಟಿದ್ದರು; ಮೇಷ್ಟ್ರು ಮುಟ್ಟಿದ ಕೀಲಿನ ಹೊದಿಕೆಯನ್ನು ಪರೀಕ್ಷೆಗೆಂದು ಆಗಷ್ಟೇ ತೆಗೆದಿದ್ದರು. ಬೇರೆ ಯಾರೂ ತೆಗೆದುಕೊಳ್ಳದ ಶ್ರಮ. ಪಾಳಿ ಮುಗಿದ ಮೇಲೂ ನಿಂತು, ಕಾವು ಆರದಂತೆ ತಾವೇ ಕಾದಿದ್ದರು.

"ಮಗುಗೆ ಸ್ನಾನ ಮಾಡಿಸಿ ಹೊದಿಸಿದ ಹಾಗೆ, ಮೇಷ್ಟ್ರೇ," ಎಂದರು ಭಾವ. ಮುಖದಲ್ಲಿ ಅದೇ ಹಳೆಯ ಹೆಮ್ಮೆ.

ಮೇಷ್ಟ್ರ ಕಿವಿಗೆ ತಮ್ಮದೇ ದನಿ ಕೇಳಿತು. ಉಕ್ಕಿಗೆ ಅಮೃತವಾದದ್ದು ಈ ಲೋಹಕ್ಕೆ ವಿಷ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಹಾಲಿನಲ್ಲಿ ಸಕ್ಕರೆಯಂತೆ ಅಲ್ಯೂಮಿನಿಯಮ್ಮಿನೊಳಗೆ ಕರಗಿರುವ ಮೆಗ್ನೀಸಿಯಂ, ಬೆಸುಗೆಯ ಉರಿಯನ್ನು ತಾಳಿಕೊಳ್ಳುತ್ತದೆ, ಬೇಗ ತಣಿದರೆ ಇದ್ದಲ್ಲೇ ಇರುತ್ತದೆ. ಆದರೆ ಕುದಿನೀರಿನಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚಿನ ಕಾವಿನಲ್ಲಿ ದಿನಗಟ್ಟಲೆ ಕೂರಿಸಿದರೆ, ಮೆಲ್ಲಗೆ ಹೊರಟು ಬಂದು ಹರಳು ಹರಳಿನ ನಡುವಿನ ಗಡಿಯಲ್ಲಿ ಸಾಲಾಗಿ ನೆಲೆಸುತ್ತದೆ. ಉಪ್ಪುನೀರಿಗೆ ಆ ಸಾಲೆಂದರೆ ಪ್ರಾಣ. ಹರಳನ್ನು ಬಿಟ್ಟು ಗಡಿಯನ್ನೇ ತಿನ್ನುತ್ತಾ ಹೋಗುತ್ತದೆ. ಮೇಲೆ ಎಲ್ಲ ಹೊಳೆಯುತ್ತಲೇ ಇರುತ್ತದೆ. ಎಕ್ಸ್-ರೇ ಕಣ್ಣಿಗೂ ಬೀಳುವುದಿಲ್ಲ. ಜನ ತುಂಬಿದ ಲಾಂಚು ಕೊಲ್ಲಿಯ ನಡುವೆ ಇರುವಾಗ ಒಂದು ದಿನ ತಳದ ಕೀಲಿನ ಪಕ್ಕ ಸೀಳುತ್ತದೆ. ಇಷ್ಟನ್ನೂ ಮೇಷ್ಟ್ರು ಕಂಬಳಿ ಹಿಡಿದು ನಿಂತ ಆ ಮುಖವನ್ನು ನೋಡುತ್ತಲೇ ಕಂಡರು.

ಇವತ್ತು ಸಹಿ ಹಾಕಲಾರೆ, ಕೀಲಿನ ಪಕ್ಕದಿಂದ ಒಂದು ತುಂಡು ಬೇಕು ಎಂದರು. ಸಿದ್ಧವಾದ ದೋಣಿಯ ತಳದಲ್ಲಿ ತೂತೇ ಎಂದು ಯಜಮಾನರು ಕೆಂಡವಾದರು. ಫಿಲ್ಮಿನಲ್ಲಿ ಕಾಣದ ರೋಗವನ್ನು ಪುಸ್ತಕದಲ್ಲಿ ಹುಡುಕುತ್ತಾರೆ ಎಂದು ಕೂಗಾಡಿದರು. ಭಾವ ಕಂಬಳಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಗರಗಸ ತಂದು, ತಾವೇ ಕಟ್ಟಿದ ತಳದಿಂದ ಅಂಗೈಯಗಲದ ತುಂಡನ್ನು ತಾವೇ ಕೊಯ್ದು ಕೊಟ್ಟರು.

ಆ ಸಂಜೆ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕ ತಮ್ಮನ ಜತೆ ಮಾತು ಬಿಟ್ಟಿದ್ದರು. ಅವನಿಗೆ ಇನ್ನಷ್ಟು ಅನ್ನ ಬೇಕೋ ಕೇಳಿ ಎಂದು ಗಂಡನಿಗೆ ಹೇಳುತ್ತಿದ್ದರು; ಓದಿದವರಿಗೆ ಮನೆಯವರ ಮರ್ಯಾದೆ ಎಲ್ಲಿ ಕಾಣುತ್ತದೆ ಎಂದು ಗೋಡೆಗೆ ಹೇಳುತ್ತಿದ್ದರು.

ಈ ಲೋಹವನ್ನು ಪರೀಕ್ಷಿಸುವ ಬಗೆಯೊಂದಿದೆ, ಅದನ್ನು ನೋಡಿದ ಯಾರೂ ಮರೆಯಲಾರರು. ಚರ್ಮವನ್ನು ಸುಟ್ಟುಹಾಕುವ ತೀಕ್ಷ್ಣ ನೈಟ್ರಿಕ್ ಆಮ್ಲದಲ್ಲಿ ತುಂಡನ್ನು ಒಂದು ಹಗಲು ಒಂದು ರಾತ್ರಿ ಮುಳುಗಿಸಿಡುವುದು. ಆರೋಗ್ಯವಾಗಿರುವ ಅಲ್ಯೂಮಿನಿಯಂ ತನ್ನ ಪೊರೆಯನ್ನು ಹೊದ್ದು ಆ ಆಮ್ಲದಲ್ಲಿ ನಿಶ್ಚಿಂತೆಯಿಂದ ಕೂತಿರುತ್ತದೆ. ಗಡಿಯಲ್ಲಿ ಮೆಗ್ನೀಸಿಯಂ ಸಾಲು ಕಟ್ಟಿದ್ದರೆ ಆಮ್ಲ ಆ ಸಾಲನ್ನೇ ಹಿಡಿದು ಒಳಗೆ ನಡೆಯುತ್ತದೆ. ಮೇಷ್ಟ್ರು ಎರಡು ಗಾಜಿನ ಲೋಟಗಳನ್ನಿಟ್ಟರು: ಒಂದರಲ್ಲಿ ಉಗ್ರಾಣದ ಹೊಸ ತಗಡು, ಇನ್ನೊಂದರಲ್ಲಿ ಭಾವ ಕೊಯ್ದು ಕೊಟ್ಟದ್ದು. ಮರುದಿನ ಭಾವನನ್ನು ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೇ ನೋಡಿದರು.

ಹೊಸ ತಗಡು ಇಟ್ಟ ಹಾಗೇ ಇತ್ತು. ಇನ್ನೊಂದು ಲೋಟದ ತಳದಲ್ಲಿ ಬೂದುಬಣ್ಣದ ಪುಡಿ ಕೂತಿತ್ತು. ಮೇಷ್ಟ್ರು ಗಾಜಿನ ಕಡ್ಡಿಯಿಂದ ತುಂಡಿನ ಅಂಚನ್ನು ಮುಟ್ಟಿದರು. ರವೆ ಉದುರಿದಂತೆ ಲೋಹ ಹರಳು ಹರಳಾಗಿ ಉದುರಿ ಕೆಳಗಿಳಿಯಿತು. ಒಂದು ಹರಳೂ ಕರಗಿರಲಿಲ್ಲ, ಒಂದು ಹರಳೂ ಮುರಿದಿರಲಿಲ್ಲ. ಒಂದನ್ನೊಂದು ಹಿಡಿದಿದ್ದ ಕೈ ಬಿಟ್ಟಿತ್ತು, ಅಷ್ಟೆ. ನಡುವೆ ಬೆಸುಗೆಯ ಗೆರೆ ಮಾತ್ರ ಉದುರದೆ, ಬೆಳ್ಳಗೆ, ಅಚ್ಚುಕಟ್ಟಾಗಿ ನಿಂತಿತ್ತು. ಭಾವ ಬಹಳ ಹೊತ್ತು ಬಗ್ಗಿ ನೋಡಿದರು. ತಮ್ಮ ತಪ್ಪನ್ನು ನೋಡುವ ಸಂಕಟಕ್ಕಿಂತ ಮೊದಲು ಅವರ ಮುಖದಲ್ಲಿ ಕಂಡದ್ದು ಬೆರಗು ಎಂದು ಮೇಷ್ಟ್ರು ಪ್ರತಿ ಸಲವೂ ನೆನೆಯುತ್ತಾರೆ. ಲೋಹದೊಳಗೆ ಇಂಥದ್ದೊಂದು ಊರಿದೆ, ಆ ಊರಿಗೆ ಬೇಲಿಗಳಿವೆ ಎಂದು ಮೂವತ್ತು ವರ್ಷ ಲೋಹ ಬೆಸೆದವರು ಅಂದು ಕಂಡರು.

"ಬೆಸುಗೆ ಗಟ್ಟಿಯಾಗೇ ಇದೆ, ಭಾವ. ಪಕ್ಕ ಉಳಿದಿಲ್ಲ," ಎಂದರು ಮೇಷ್ಟ್ರು.

ಭಾವ ತಲೆಯಾಡಿಸಿದರು. ಹೊದಿಸಿ ಕೊಟ್ಟ ಕಾವೇ ಹೀಗೆ ಮಾಡಿತೆಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಯಾರ್ಡಿನ ಕಚೇರಿಯಲ್ಲಿ ಸಭೆ ಸೇರಿತು. ಯಜಮಾನರು, ಬಂದರಿನ ಅಧಿಕಾರಿ, ಪ್ರಯೋಗಾಲಯದಿಂದ ಇಬ್ಬರು ಹಿರಿಯರು. ಮೇಜಿನ ಮೇಲೆ ಆ ಎರಡು ಲೋಟಗಳು. ಉದುರುವುದನ್ನು ಕಣ್ಣಾರೆ ನೋಡಿದ ಮೇಲೆ ಯಾರೂ ವಾದಿಸಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಹೀಗೆ ಹೊದಿಸಿ ಕಾವು ಕೊಡಲು ಹೇಳಿದವರು ಯಾರು ಎಂದು ಅಧಿಕಾರಿ ಕೇಳಿದರು. ಗೋಡೆಯ ಪಕ್ಕ ನಿಂತಿದ್ದ ಭಾವ ಒಂದು ಹೆಜ್ಜೆ ಮುಂದೆ ಬಂದರು.

"ಯಾರೂ ಹೇಳಿಲ್ಲ ಸಾರ್. ನನ್ನ ತಲೆಗೆ ತೋಚಿದ್ದು, ಮಾಡಿದೆ."

ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ. ಒಬ್ಬರು ಸುಳ್ಳು ಹೇಳಿ ಮುಗಿಸಿದ್ದರು. ಇನ್ನೊಬ್ಬರು ಸುಮ್ಮನಿದ್ದರೆ ಸಾಕಾಗಿತ್ತು. ಪ್ರಯೋಗಾಲಯದ ಮುಖ್ಯಸ್ಥರ ಹುದ್ದೆಗೆ ಮೇಷ್ಟ್ರ ಹೆಸರು ಆಗ ತಾನೇ ಹೊರಟಿತ್ತು. ತಜ್ಞರ ಮಂಡಳಿಯಲ್ಲೂ ಜಾಗ ಕಾದಿತ್ತು. ಸುಮ್ಮನಿದ್ದರೆ ಭಾವನ ಕೆಲಸ ಹೋಗುತ್ತಿತ್ತು, ದೋಣಿ ಕಟ್ಟುವವರ ನಡುವೆ ಅವರ ಹೆಸರು ಕೆಡುತ್ತಿತ್ತು, ಅಕ್ಕನ ಒಲೆ ಆರುತ್ತಿತ್ತು. ಮೇಷ್ಟ್ರ ಮೈಮೇಲೆ ಮಾತ್ರ ಒಂದು ಗೀರೂ ಬೀಳುತ್ತಿರಲಿಲ್ಲ. ಇಲ್ಲಿ ಅವರು ದೇವರಂತೆ ನಡೆದುಕೊಂಡರೆಂದು ಬರೆದರೆ ಅವರೇ ಈ ಹಾಳೆ ಹರಿದಾರು. ಎದುರಿಗಿದ್ದ ನೀರಿನ ಲೋಟ ತೆಗೆದುಕೊಂಡು ಪೂರ್ತಿ ಕುಡಿದರು. ಅದು ಮುಗಿಯುವಷ್ಟು ಹೊತ್ತು ಸುಮ್ಮನಿರುವ ಆಸೆ ತಮಗಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲಪ್ಪ ಎಂದು ಅದಕ್ಕೊಂದು ನಗೆಯನ್ನೂ ಸೇರಿಸುತ್ತಾರೆ. ಲೋಟ ಕೆಳಗಿಟ್ಟು ಎದ್ದು ನಿಂತರು.

"ಭಾವ ನನ್ನ ಮುಖ ಉಳಿಸೋದಕ್ಕೆ ಹೀಗೆ ಹೇಳ್ತಿದ್ದಾರೆ. ಹೊದಿಸಿ ಅಂತ ಹೇಳಿಕೊಟ್ಟವನು ನಾನು. ಸಂಜೆ ಪಾಠದಲ್ಲಿ, ಇವರ ಮುಂದೇನೇ ನಿಂತು ಹೇಳಿದ್ದೆ. ಇದು ಉಕ್ಕಿಗೆ ಮಾತ್ರ ಅನ್ನೋ ಮಾತು ಸೇರಿಸಲಿಲ್ಲ. ಇವರು ನನ್ನ ಮಾತನ್ನ ನನಗಿಂತ ಚೆನ್ನಾಗಿ ಪಾಲಿಸಿದ್ದಾರೆ. ತಪ್ಪು ನನ್ನದು ಅಂತ ಬರೆದುಕೊಳ್ಳಿ."

ಬರೆದುಕೊಂಡರು. ಮುಖ್ಯಸ್ಥರ ಹುದ್ದೆ ಬೇರೆಯವರಿಗೆ ಹೋಯಿತು, ಮೇಷ್ಟ್ರಿಗೆ ಅದು ದಕ್ಕಿದ್ದು ಎಷ್ಟೋ ವರ್ಷಗಳ ನಂತರ, ತಲೆ ಬೆಳ್ಳಗಾದ ಮೇಲೆ. ತಜ್ಞರ ಮಂಡಳಿಯವರು ಅವರನ್ನು ಕರೆಯುವುದನ್ನೇ ಮರೆತರು. ಭಾವನ ಕೆಲಸ ಉಳಿಯಿತು. ಲಾಂಚಿನ ತಳದಿಂದ ಪ್ರತಿಯೊಂದು ಕೀಲಿನ ಎರಡೂ ಪಕ್ಕದ ತಗಡನ್ನು ಕೊಯ್ದು ತೆಗೆದು, ಹೊಸ ತಗಡು ಕೂರಿಸಿ, ಭಾವ ಮೊದಲಿನಿಂದ ಬೆಸೆದರು. ಕಾವಿನ ಪಟ್ಟಿ ಇಲ್ಲ, ಕಂಬಳಿ ಇಲ್ಲ. ಒಂದು ಗೆರೆ ಎಳೆದು, ಕೈ ಇಟ್ಟು ನೋಡಿ, ತಣಿದ ಮೇಲೆಯೇ ಮುಂದಿನ ಗೆರೆ. ಪ್ರಯೋಗಾಲಯದ ಕೆಲಸ ಮುಗಿಸಿ ಮೇಷ್ಟ್ರು ದಿನವೂ ದಡ ದಾಟಿ ಹೋಗಿ, ಬೆಸೆದ ಕೀಲುಗಳ ಮೇಲೆ ಅಂಗೈ ಆಡಿಸಿ ಬರುತ್ತಿದ್ದರು. ಹೊಸ ಕೀಲುಗಳ ತುಂಡುಗಳು ಆಮ್ಲದಲ್ಲಿ ಕೂತು ಎದ್ದು ಬಂದವು, ಒಂದು ಹರಳೂ ಉದುರಲಿಲ್ಲ. ಆಮೇಲೆ ಸಹಿ ಬಿತ್ತು.

ಲಾಂಚು ಮೊದಲ ಸಲ ಕೊಲ್ಲಿ ದಾಟಿದ ದಿನ ಅಕ್ಕ ತಮ್ಮನ ಪಕ್ಕದಲ್ಲೇ ಕೂತರು. ಸಭೆಯಲ್ಲಿ ನಡೆದದ್ದು ಅವರಿಗೆ ಗಂಡನಿಂದ ತಿಳಿದಿತ್ತು. ಗೋಡೆಗೆ ಹೇಳುವುದನ್ನು ನಿಲ್ಲಿಸಿ, ನಡುನೀರಿನಲ್ಲಿ ಅವರು ತಮ್ಮನಿಗೆ ಹೇಳಿದ್ದು ಇಷ್ಟು: ಚಿಕ್ಕವನಿದ್ದಾಗ ನಿನಗೆ ಕಂಬಳಿ ಹೊದಿಸಿದರೆ ಒದ್ದು ಎಸೆಯುತ್ತಿದ್ದೆ, ಆ ಬುದ್ಧಿ ಊರಿಗೆಲ್ಲ ಮೊದಲೇ ಹೇಳಿಕೊಡಬಾರದಿತ್ತೇ ಎಂದು. ಅಕ್ಕ ನಕ್ಕಿದ್ದನ್ನು ಕಂಡು ಮೇಷ್ಟ್ರು ಅತ್ತರು. ಅದನ್ನು ಅವರು ನಮಗೆ ಹೇಳಿಲ್ಲ, ಅಕ್ಕ ಹೇಳಿದರು.

ಅಲ್ಲಿಂದ ಮುಂದಿನ ಅವರ ಸಂಶೋಧನೆಯೆಲ್ಲ ಆ ಎರಡು ಬೆರಳಗಲದ್ದೇ. ಎಷ್ಟು ಕಾವು, ಎಷ್ಟು ಹೊತ್ತು, ಮೆಗ್ನೀಸಿಯಂ ಎಷ್ಟಿದ್ದರೆ ಗಡಿಯಲ್ಲಿ ಸಾಲು ಕಟ್ಟುತ್ತದೆ. ಒಮ್ಮೆ ಕಟ್ಟಿದ ಸಾಲನ್ನು ಇನ್ನೂ ಹೆಚ್ಚಿನ ಕಾವನ್ನು ಗಳಿಗೆ ಹೊತ್ತು ಕೊಟ್ಟು ಮತ್ತೆ ಕರಗಿಸಬಹುದೇ. ಲೋಹವನ್ನು ಕರಗಿಸದೆಯೇ, ತಿರುಗುವ ಗೂಟದಿಂದ ಕಲಸಿ ಬೆಸೆದರೆ ಪಕ್ಕದ ಹರಳುಗಳು ಹೇಗಿರುತ್ತವೆ. ಈ ಒಂದೊಂದರ ಹಿಂದೆಯೂ ವರ್ಷಗಳ ಭರಣಿಗಳಿವೆ. ಇಂದು ಅವರ ಅಂಕಿಗಳನ್ನು ಬಳಸಿ ದೋಣಿ ಕಟ್ಟುವವರಲ್ಲಿ ಹೆಚ್ಚಿನವರಿಗೆ ಅವರ ಹೆಸರು ಗೊತ್ತಿಲ್ಲ. ಅದು ಅವರಿಗೆ ಇಷ್ಟವೇ.

ಪ್ರಯೋಗಾಲಯಕ್ಕೆ ಅವರು ಬಿಟ್ಟುಹೋಗುತ್ತಿರುವ ಆಸ್ತಿ ಮಾತ್ರ ಬೇರೆ. ನಮ್ಮಲ್ಲಿ ಯಾರೇ ಆಗಲಿ, ಕಾವಿನ ವಿಷಯ ಬಾಯಿಬಿಟ್ಟ ಕೂಡಲೇ ಕೇಳುವವರು ತಡೆದು, "ಯಾವ ಲೋಹಕ್ಕೆ?" ಎಂದು ಕೇಳಬೇಕು. ಲೋಹದ ಹೆಸರು ಹೇಳದೆ ಮುಂದಿನ ಮಾತು ಆಡುವಂತಿಲ್ಲ. ಹೊರಗಿನಿಂದ ಬಂದ ದೊಡ್ಡ ವಿದ್ವಾಂಸರನ್ನೂ ಇದಕ್ಕಾಗಿ ಭಾಷಣದ ನಡುವೆ ನಿಲ್ಲಿಸಿದ್ದೇವೆ. ಕ್ಯಾಂಟೀನಿನಲ್ಲಿ ಚಹಾ ಇನ್ನೊಂದಿಷ್ಟು ಕುದಿಯಲಿ ಎಂದರೂ ಯಾರಾದರೊಬ್ಬರು ಕೇಳಿಯೇ ಬಿಡುತ್ತಾರೆ. ಹೊಸಬರಿಗೆ ಇದು ತಮಾಷೆ; ಹಿಂದಿನ ಕತೆ ಬಲ್ಲವರಿಗೆ ಮೈ ಜುಮ್ಮೆನ್ನುತ್ತದೆ.

ಮೇಷ್ಟ್ರು ನಿವೃತ್ತರಾದ ದಿನ ಭಾಷಣಗಳೆಲ್ಲ ಮುಗಿದ ಮೇಲೆ ಭಾವ ಬಂದರು. ವಯಸ್ಸಾಗಿ ಬೆನ್ನು ಬಾಗಿದೆ, ಉರಿ ನೋಡಿದ ಕಣ್ಣು ಮಬ್ಬಾಗಿವೆ. ತಾವು ಬೆಸೆದ ಲಾಂಚಿನಲ್ಲೇ ಕೊಲ್ಲಿ ದಾಟಿ ಬಂದಿದ್ದರು. ಅದು ಇಂದಿಗೂ ದಿನವೂ ಓಡುತ್ತಿದೆ. ಕಂಕುಳಲ್ಲಿ ಒಂದು ಗಂಟು. ಭರಣಿಗಳ ನಡುವೆ ದಾರಿ ಮಾಡಿಕೊಂಡು ಮೇಷ್ಟ್ರ ಕುರ್ಚಿಯ ಹತ್ತಿರ ಹೋಗಿ ಗಂಟು ಬಿಚ್ಚಿದರು. ಅಕ್ಕ ಕೈಯಾರೆ ಹೆಣೆದ ಉಣ್ಣೆಯ ಕಂಬಳಿ. ಅದನ್ನು ಬಿಡಿಸಿ ಭಾಮೈದನ ಹೆಗಲ ಸುತ್ತ ಹಾಕಿ, ತುದಿಗಳನ್ನು ಎಳೆದು, ಒಂದು ಬೆರಳೂ ಹೊರಗಿರದ ಹಾಗೆ ಸುತ್ತಿದರು.

"ಇನ್ಮೇಲೆ ಬೆಚ್ಚಗಿರ್ಬೇಕು ನೀನು," ಎಂದರು. ಪ್ರಯೋಗಾಲಯದ ಹೊಸ್ತಿಲೊಳಗೆ ಅವರು "ನೀನು" ಎಂದದ್ದನ್ನು ನಾವು ಅಂದೇ ಮೊದಲು ಕೇಳಿದ್ದು.

ಮೇಷ್ಟ್ರು ಕಂಬಳಿಯೊಳಗಿಂದ ಅವರ ಮುಖ ನೋಡಿದರು. ಆಮೇಲೆ ಕೇಳಿದರು: "ಯಾವ ಲೋಹಕ್ಕೆ, ಭಾವ?"

"ಇದು ಮನುಷ್ಯರಿಗೆ ಕಣೋ," ಎಂದರು ಭಾವ.

ಇದಕ್ಕಿಂತ ದೊಡ್ಡ ಹಾರೈಕೆಯನ್ನು ಈ ಅಭಿನಂದನ ಸಂಪುಟದಲ್ಲಿ ಯಾರೂ ಬರೆಯಲಾರರು. ನಾವೂ ಅದನ್ನೇ ಕೋರುತ್ತೇವೆ. ಮೇಷ್ಟ್ರು ಬಹುಕಾಲ ಬೆಚ್ಚಗಿರಲಿ. ಅವರ ಭರಣಿಗಳನ್ನು ಇದ್ದಲ್ಲಿಯೇ ಇಟ್ಟಿದ್ದೇವೆ, ಕಿಟಕಿಯ ಕಡೆಯ ಕುರ್ಚಿಯೂ ಖಾಲಿಯಿದೆ. ನಾಳೆ ಬೆಳಗಿನ ಲಾಂಚಿಗೆ ಬಂದರೆ ಸಾಕು.